ಮೆಟ್ಟಿಲು ಹತ್ತುವ ರೂಢಿ: ವೇಗ, ಹೆಜ್ಜೆ, ಮಂಡಿ

ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯುವವರಲ್ಲಿ ಹೆಚ್ಚಿನವರು ಕೈಬಿಡುವುದು ವೇಗದ ಕಾರಣಕ್ಕೆ. ಮೊದಲ ಮಹಡಿಯನ್ನು ಉತ್ಸಾಹದಿಂದ ದಡದಡ ಹತ್ತುತ್ತಾರೆ, ಮೂರನೆಯದಕ್ಕೆ ಏದುಸಿರು, ಮರುದಿನ ಮತ್ತೆ ಲಿಫ್ಟಿನ ಮುಂದೆ. ಹತ್ತಲು ತೊಡಗಿದ ಕ್ಷಣವೇ ತೊಡೆಗಳಿಗೆ ಹೆಚ್ಚು ಆಮ್ಲಜನಕ ಬೇಕು. ಆದರೆ ಎದೆಬಡಿತವೂ ಉಸಿರೂ ಆ ಬೇಡಿಕೆಯ ಮಟ್ಟಕ್ಕೆ ಏರಲು ಒಂದೆರಡು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಮೇಲೆ ತಲುಪಿರುತ್ತೇವೆ, ನಿಂತ ಮೇಲೆ ಬಾಕಿ ತೀರಿಸುತ್ತೇವೆ. ಹತ್ತುವಾಗ ಇಲ್ಲದ ಏದುಸಿರು ನಿಂತಾಗ ಬರುವುದು ಇದರಿಂದಲೇ.

ನಾನು ಪಾಲಿಸುವ ಕ್ರಮ ಸರಳ. ಮೊದಲ ಮಹಡಿ ಬೇಕೆಂದೇ ನಿಧಾನ, ಸೆಕೆಂಡಿಗೆ ಒಂದು ಮೆಟ್ಟಿಲಿನಂತೆ. ಎರಡನೆಯದೂ ಅದೇ ಲಯದಲ್ಲಿ. ವೇಗ ಹೆಚ್ಚಿಸುವುದಿದ್ದರೆ ಮೂರನೆಯದರಿಂದ. ಅಳತೆಗೋಲು ಬಾಯಿ: ಒಂದು ಪೂರ್ತಿ ವಾಕ್ಯ ಆಡಲು ಬಂದರೆ ಸರಿಯಾದ ವೇಗ, ಎರಡು ಮಾತಿಗೇ ಉಸಿರು ಕಟ್ಟಿದರೆ ಜಾಸ್ತಿಯಾಯಿತು. ಮೇಲೆ ತಲುಪಿದ ಮೇಲೆ ಗಕ್ಕನೆ ಕೂರುವುದಿಲ್ಲ, ಅರ್ಧ ನಿಮಿಷ ಅತ್ತಿತ್ತ ನಡೆಯುತ್ತೇನೆ.

ತೂಕ ಇಳಿಸಲೆಂದೇ ಹತ್ತುವವರಿಗೆ ಒಂದು ಲೆಕ್ಕ ಹೇಳಿಬಿಡುವುದು ಒಳ್ಳೆಯದು. 70 ಕಿಲೋ ತೂಕದವರು 3 ಮೀಟರ್ ಎತ್ತರದ ಒಂದು ಮಹಡಿ ಏರಿದರೆ ಖರ್ಚಾಗುವುದು ಸುಮಾರು ಎರಡೂವರೆ ಕ್ಯಾಲರಿ. ದಿನಕ್ಕೆ ಹತ್ತು ಮಹಡಿ ಹತ್ತಿದರೂ ಇಪ್ಪತ್ತೈದು. ಅಷ್ಟರಿಂದ ಹೊಟ್ಟೆ ಕರಗದು. ಮೆಟ್ಟಿಲಿನ ನಿಜವಾದ ಲಾಭ ಬೇರೆ ಕಡೆಯಿದೆ: ಇಡೀ ದೇಹದ ಭಾರವನ್ನು ಒಂದೊಂದೇ ಕಾಲಿನ ಮೇಲೆ ಎತ್ತುವುದರಿಂದ ತೊಡೆ, ಪೃಷ್ಠ, ಮೀನಖಂಡಗಳಿಗೆ ಬಲ ಬರುತ್ತದೆ, ಸಮತಟ್ಟಿನ ನಡಿಗೆಯಲ್ಲಿ ಸುಲಭಕ್ಕೆ ಸಿಗದ ತೀವ್ರತೆ ಹೃದಯಕ್ಕೆ ಒಂದೇ ನಿಮಿಷದಲ್ಲಿ ಸಿಗುತ್ತದೆ. ಊಟವಾದ ಸ್ವಲ್ಪ ಹೊತ್ತಿಗೆ ಒಂದೆರಡು ಮಹಡಿ ನಿಧಾನವಾಗಿ ಹತ್ತಿಳಿದರೆ, ದುಡಿಯುವ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಇದನ್ನು ವೈದ್ಯರನ್ನು ಕೇಳಿಯೇ ಮಾಡಬೇಕು, ಸಕ್ಕರೆ ತೀರಾ ಇಳಿದೀತು.

ಈ ವಿಷಯದ ಹಳೆಯ ಸಾಕ್ಷ್ಯ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳದು. ದಿನವಿಡೀ ಮೇಲೆ ಕೆಳಗೆ ಓಡಾಡುವ ಕಂಡಕ್ಟರುಗಳಿಗಿಂತ ಕೂತೇ ಇರುವ ಚಾಲಕರಲ್ಲಿ ಹೃದಯಾಘಾತ ಹೆಚ್ಚೆಂದು ಜೆರ್ರಿ ಮಾರಿಸ್ ಮತ್ತು ಜೊತೆಗಾರರು 1953ರಲ್ಲಿ ಪ್ರಕಟಿಸಿದರು. ಮುಂದೆ ಸಮವಸ್ತ್ರದ ಅಳತೆ ತೆಗೆದು ನೋಡಿದಾಗ ಚಾಲಕರ ಸೊಂಟ ಕೆಲಸಕ್ಕೆ ಸೇರುವಾಗಲೇ ದಪ್ಪವಿತ್ತೆಂದು ಕಂಡಿತು. ಹಾಗಾಗಿ ಎಲ್ಲ ಶ್ರೇಯಸ್ಸನ್ನೂ ಮೆಟ್ಟಿಲಿಗೇ ಕೊಡಲಾಗದು. ವ್ಯಾಯಾಮ ಲೆಕ್ಕಕ್ಕೆ ಬರಲು ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಆಗಲೇಬೇಕೆಂಬ ಹಳೆಯ ಷರತ್ತನ್ನು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿದೆ. ಒಂದೊಂದು ನಿಮಿಷದ ಮೆಟ್ಟಿಲೂ ವಾರದ ವ್ಯಾಯಾಮದ ಲೆಕ್ಕಕ್ಕೆ ಸೇರುತ್ತದೆ.

ಹೆಜ್ಜೆಯ ವಿಚಾರಕ್ಕೆ ಬಂದರೆ, ಪಾದವನ್ನು ಆದಷ್ಟು ಪೂರ್ತಿ ಮೆಟ್ಟಿಲಿನ ಮೇಲೆ ಇಟ್ಟು ಹಿಮ್ಮಡಿಯಿಂದ ಒತ್ತಿ ಏಳುತ್ತೇನೆ. ಬರೀ ಬೆರಳ ತುದಿಯಲ್ಲಿ ಹತ್ತಿದರೆ ಭಾರವೆಲ್ಲ ಮೀನಖಂಡಕ್ಕೆ, ಹಿಮ್ಮಡಿಯ ಹಿಂದಿನ ನರದಂಥ ಗಟ್ಟಿ ಪಟ್ಟಿಗೆ ಬೀಳುತ್ತದೆ. ಕೆಲವೇ ದಿನಗಳಲ್ಲಿ ಬೆಳಗ್ಗೆ ಎದ್ದಾಗ ಅಲ್ಲಿ ಬಿಗಿತ, ನೋವು. ಮುಂದಕ್ಕೆ ಬಾಗುವುದಿದ್ದರೆ ಸೊಂಟದಿಂದ ಸ್ವಲ್ಪ, ಬೆನ್ನು ಗೂನಾಗದಂತೆ. ಮಂಡಿ ಒಳಕ್ಕೆ ವಾಲಬಾರದು, ಕಾಲ್ಬೆರಳಿನ ದಿಕ್ಕಿಗೇ ನೇರ ಇರಬೇಕು. ಎರಡೆರಡು ಮೆಟ್ಟಿಲು ದಾಟಿದರೆ ಪೃಷ್ಠಕ್ಕೆ ಕೆಲಸ ಜಾಸ್ತಿ, ಆದರೆ ಒಂದೊಂದೇ ಹತ್ತಿ ನಾಲ್ಕೈದು ಮಹಡಿ ಸಲೀಸಾದ ಮೇಲೆ ಅದು.

ಇಳಿಯುವುದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ತೊಂದರೆಯೆಲ್ಲ ಇರುವುದು ಅಲ್ಲೇ. ಉಸಿರಿಗೆ ಸುಖ, ಮಂಡಿಗೆ ಕಷ್ಟ: ಇಳಿಯುವಾಗ ಮಂಡಿಯ ಮೇಲೆ ದೇಹತೂಕದ ಮೂರು ಪಟ್ಟಿಗೂ ಮೀರಿದ ಭಾರ ಬೀಳುತ್ತದೆ, ಹತ್ತುವಾಗಿನದಕ್ಕಿಂತ ತುಸು ಹೆಚ್ಚೇ. ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಬ್ರೇಕ್ ಹಿಡಿಯಬೇಕು. ಅಭ್ಯಾಸವಿಲ್ಲದ ಸ್ನಾಯು ಹೀಗೆ ದುಡಿದರೆ ಒಂದೆರಡು ದಿನ ಬಿಟ್ಟು ನೋಯುತ್ತದೆ. ಆದ್ದರಿಂದ ಮೊದಲ ಎರಡು ವಾರ ಹತ್ತಲು ಮೆಟ್ಟಿಲು, ಇಳಿಯಲು ಲಿಫ್ಟ್ ಎಂಬುದೇ ನನ್ನ ಸಲಹೆ. ಆಮೇಲೆ ಒಂದೊಂದು ಮಹಡಿ ಇಳಿಯುವುದನ್ನೂ ಸೇರಿಸಬಹುದು. ಧಪ್ ಧಪ್ ಸದ್ದು ಬರುತ್ತಿದ್ದರೆ ಸ್ನಾಯು ಬ್ರೇಕ್ ಹಿಡಿಯುತ್ತಿಲ್ಲ ಎಂದೇ ಅರ್ಥ, ಸದ್ದಾಗದಂತೆ ಇಳಿಯಿರಿ. ಒಂದು ಮಂಡಿ ಮಾತ್ರ ನೋಯುತ್ತಿದ್ದರೆ ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು.

ಬೀಳುವುದೂ ಹೆಚ್ಚಾಗಿ ಇಳಿಯುವಾಗಲೇ. ಕೊನೆಯ ಮೆಟ್ಟಿಲು ಮುಗಿಯಿತೆಂದುಕೊಂಡು ಇಟ್ಟ ಹೆಜ್ಜೆ, ಒಂದಕ್ಕೊಂದು ಎತ್ತರ ಹೊಂದದ ಮೆಟ್ಟಿಲು, ಸಡಿಲ ಚಪ್ಪಲಿ, ಕೈಯಲ್ಲಿ ಮೊಬೈಲು. ಒಂದು ಕೈ ರೇಲಿಂಗಿನ ಪಕ್ಕದಲ್ಲೇ ಖಾಲಿ ಇರಲಿ, ಮುಟ್ಟುತ್ತಿರಬೇಕೆಂದೇನಿಲ್ಲ. ಚೀಲವಿದ್ದರೆ ಎರಡೂ ಹೆಗಲಿಗೆ. ಎರಡೂ ಕೈ ತುಂಬ ಸಾಮಾನಿದ್ದ ದಿನ ಲಿಫ್ಟೇ ಸರಿ.

ಎಷ್ಟು ಮಹಡಿ? ಶುರುವಿಗೆ ಒಂದೆರಡು ಸಾಕು, ದಿನದಲ್ಲಿ ಎರಡು ಮೂರು ಬಾರಿ. ವಾರಕ್ಕೊಂದು ಮಹಡಿ ಏರಿಸಿದರೆ ಮಂಡಿಗೂ ಒಗ್ಗುತ್ತದೆ. ಹೋಗಬೇಕಾದ್ದು ಹನ್ನೆರಡನೆಯ ಮಹಡಿಯಾದರೆ ಲಿಫ್ಟಿನಲ್ಲಿ ಹತ್ತರವರೆಗೆ ಹೋಗಿ ಉಳಿದದ್ದನ್ನು ಹತ್ತಬಹುದು. ಅದಕ್ಕೆ ಮೊದಲು ಮೆಟ್ಟಿಲ ಬಾಗಿಲು ಆ ಮಹಡಿಯಲ್ಲಿ ಒಳಗಿನಿಂದ ತೆರೆಯುತ್ತದೆಯೇ ನೋಡಿಕೊಳ್ಳಿ. ಕೆಲವು ಕಟ್ಟಡಗಳಲ್ಲಿ ಒಮ್ಮೆ ಒಳಹೊಕ್ಕರೆ ನೆಲಮಹಡಿಗೇ ಇಳಿಯಬೇಕಾಗುತ್ತದೆ.

ಎದೆಯಲ್ಲಿ ಒತ್ತಿದಂತಾಗುವುದು, ದವಡೆಗೋ ತೋಳಿಗೋ ಹರಡುವ ನೋವು, ತಲೆಸುತ್ತು ಬಂದರೆ ಅಲ್ಲೇ ನಿಂತು ಕೂತುಬಿಡಬೇಕು, ಸಹಾಯಕ್ಕೆ ಕೂಗಬೇಕು. ಉಳಿದ ಮೆಟ್ಟಿಲು ಮುಗಿಸುವ ಹಟ ಬೇಡ. ಜನ ಕಡೆಗಣಿಸುವ ಇನ್ನೊಂದು ಲಕ್ಷಣವಿದೆ: ಕಳೆದ ತಿಂಗಳು ಸಲೀಸಾಗಿ ಹತ್ತುತ್ತಿದ್ದ ಅದೇ ಎರಡು ಮಹಡಿಗೆ, ಅದೇ ವೇಗಕ್ಕೆ, ಈಗ ಉಸಿರು ಸಾಲದೆ ಹೋಗುವುದು. ವಯಸ್ಸಾಯಿತೆಂದು ತಳ್ಳಿಹಾಕದೆ ಅದನ್ನು ವೈದ್ಯರಿಗೆ ಹೇಳಬೇಕು. ರಕ್ತಹೀನತೆ, ಹೃದಯ, ಶ್ವಾಸಕೋಶ, ಈ ಮೂರರಲ್ಲಿ ಯಾವುದರ ತೊಂದರೆಯಾದರೂ ಮೊದಲು ಕಾಣಿಸಿಕೊಳ್ಳುವುದು ಮೆಟ್ಟಿಲ ಮೇಲೆ ಇರಬಹುದು.