ರಾಸಾಯನಿಕ ಪರೀಕ್ಷೆಯಿಲ್ಲದೆ ಪಾನಮತ್ತ ಚಾಲನೆಯನ್ನು ರುಜುವಾತುಪಡಿಸುವ ಬಗೆ

ಮೊದಲು ಪ್ರಕರಣದ ಸ್ವರೂಪವನ್ನು, ಅಂದರೆ ಅದು ಕ್ರಿಮಿನಲ್ ಆರೋಪವೋ ವಿಮಾ ವ್ಯಾಜ್ಯವೋ ಎಂಬುದನ್ನು ಗಮನಿಸಬೇಕು. ಮೋಟಾರು ವಾಹನ ಕಾಯ್ದೆಯ 185ನೇ ಕಲಂ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದ ಮದ್ಯಾಂಶವು ಪರೀಕ್ಷೆಯಿಂದಲೇ ಪತ್ತೆಯಾಗಿರಬೇಕೆಂದು ಹೇಳುವುದರಿಂದ, ಪರೀಕ್ಷೆಯೇ ನಡೆಯದಿದ್ದಾಗ ಮದ್ಯಪಾನದ ಆರೋಪವು ಆ ಕಲಮಿನಡಿ ನಿಲ್ಲುವುದು ಬಹಳ ಕಷ್ಟ. ಚಾಲಕನು ಸಕಾರಣವಿಲ್ಲದೆ ಪರೀಕ್ಷೆಯನ್ನು ನಿರಾಕರಿಸಿದ್ದರೆ ಅದನ್ನು ಅಲ್ಲಿಯೇ ಬರವಣಿಗೆಯಲ್ಲಿ ದಾಖಲಿಸಬೇಕು. 205ನೇ ಕಲಂ ಆ ನಿರಾಕರಣೆಯನ್ನು ಪ್ರಾಸಿಕ್ಯೂಷನ್ ಸಾಕ್ಷ್ಯಕ್ಕೆ ಬೆಂಬಲವೆಂದು ಪರಿಗಣಿಸುತ್ತದೆ.

ವಾಹನ ಹಾನಿಯ ವಿಮಾ ವ್ಯಾಜ್ಯದ ದಾರಿ ಬೇರೆ. ವಿಮಾ ಕಂಪನಿ ಇಫ್ಕೋ ಟೋಕಿಯೊ ಮತ್ತು ಕಾರಿನ ಮಾಲೀಕ ಸಂಸ್ಥೆ ಪರ್ಲ್ ಬೆವರೇಜಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ, ಪರೀಕ್ಷಾ ವರದಿ ಇಲ್ಲದಿದ್ದರೂ ಚಾಲಕನು ಮದ್ಯದ ಪ್ರಭಾವದಲ್ಲಿದ್ದನೆಂದು ವಿಮಾ ಕಂಪನಿಯು ಇತರ ಸಾಕ್ಷ್ಯಗಳಿಂದ ತೋರಿಸಬಹುದೆಂದು ಹೇಳಿತು. ದೆಹಲಿಯಲ್ಲಿ ನಡೆದಿದ್ದ ಆ ಅಪಘಾತದಲ್ಲಿ ವೈದ್ಯರು ದಾಖಲಿಸಿದ್ದ ಮದ್ಯದ ವಾಸನೆ, ಹೊತ್ತು, ರಸ್ತೆಯ ಸ್ಥಿತಿ, ಕಾರು ರಭಸದಿಂದ ಅಪ್ಪಳಿಸಿ ಮಗುಚಿದ ರೀತಿ ಇವೆಲ್ಲವನ್ನೂ ನ್ಯಾಯಾಲಯವು ಒಟ್ಟಾಗಿ ತೂಗಿ ನೋಡಿತು.

ಆದ್ದರಿಂದ ಆಸ್ಪತ್ರೆಯ ವೈದ್ಯಕೀಯ-ಕಾನೂನು ದಾಖಲೆ, ಸ್ಥಳ ಪಂಚನಾಮೆ, ನಕ್ಷೆ, ಛಾಯಾಚಿತ್ರಗಳನ್ನು ತಡಮಾಡದೆ ಸಂಗ್ರಹಿಸಿ, ಸಾಧ್ಯವಾದರೆ ತಪಾಸಣೆ ಮಾಡಿದ ವೈದ್ಯರನ್ನೇ ಸಾಕ್ಷಿಯಾಗಿ ಕರೆಸಬೇಕು. ಬರೀ ವಾಸನೆಯನ್ನು ನೆಚ್ಚಿಕೊಳ್ಳುವುದು ಅಪಾಯಕಾರಿ: ವಾಸನೆ, ತೂರಾಡುವ ನಡಿಗೆ, ಹಿಗ್ಗಿದ ಕಣ್ಣುಪಾಪೆ, ತೊದಲು ಮಾತು ಇದ್ದ ಬಚುಭಾಯಿ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ 1971ರಲ್ಲಿ ಅಷ್ಟರಿಂದಲೇ ಮದ್ಯಪಾನ ಸಾಬೀತಾಯಿತೆಂದು ಒಪ್ಪಲಿಲ್ಲ.