ವೇರ್‌ವೇರೊ ಮಣ್ಣಿನ ಜೇಡಿ ಪದರಕ್ಕೆ ಬೇರು ಇಳಿಸಿದ್ದು: ನನ್ನ ಅನುಭವ

ಕಳೆದ ಮಾರ್ಚಿನಲ್ಲಿ ದಾಳಿಂಬೆ ಸಾಲಿನ ಪಕ್ಕ ಎರಡೂವರೆ ಅಡಿ ಆಳದ ಗುಂಡಿ ತೋಡಿ ನೋಡಿದೆ. ಆರು ವರ್ಷಗಳ ಹಿಂದೆ ಹಾರೆಯ ಮೊನೆಯನ್ನೇ ತಿರುಗಿಸಿದ್ದ ಜೇಡಿಯೊಳಗೆ, ಸುಮಾರು 22 ಇಂಚಿನ ಆಳದಲ್ಲಿ, ಹೊಲಿಗೆಯ ದಾರದಷ್ಟು ಸಣ್ಣ ಬಿಳಿ ಬೇರುಗಳು ಕಂಡವು. ಈ ಮಣ್ಣಿನಲ್ಲಿ ಅದು ಆಗದ ಕೆಲಸ, ಹೊರಗಿನಿಂದ ಮಣ್ಣು ತರಿಸಿ ಎತ್ತರದ ಮಡಿ ಕಟ್ಟಿಕೊಳ್ಳುವುದೇ ದಾರಿ ಎಂದು ಹೇಳಿದವರು ಒಬ್ಬಿಬ್ಬರಲ್ಲ. ಅವರಲ್ಲಿ ಇಬ್ಬರು ಬಂದು ಗುಂಡಿಯೊಳಗೆ ಇಳಿದು, ಬೇರನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನನ್ನ ಜಾಗ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಕೌಂಟಿಯಲ್ಲಿ, ಎನ್ಸಿನಿಟಾಸ್‌ನ ಪೂರ್ವ ದಿಕ್ಕಿನ ಇಳಿಜಾರಿನಲ್ಲಿದೆ. ಒಂದು ಕಾಲದಲ್ಲಿ ಸಮುದ್ರದ ತಳವಾಗಿದ್ದು, ನೆಲ ಮೇಲೆದ್ದ ನಂತರ ಮೆಟ್ಟಿಲಿನಂತೆ ಉಳಿದ ಸಮತಟ್ಟುಗಳು ಈ ಕರಾವಳಿಯ ಉದ್ದಕ್ಕೂ ಇವೆ. 1973ರ ಮಣ್ಣಿನ ಸಮೀಕ್ಷೆಯ ನಕ್ಷೆಯಲ್ಲಿ ನನ್ನ ಕಾಲು ಎಕರೆ ವೇರ್‌ವೇರೊ ಲೋಮ್ (ಲೋಮ್ ಎಂದರೆ ಮರಳು, ಹೂಳು, ಜೇಡಿ ಬೆರೆತ ಮಣ್ಣು) ಎಂಬ ಹೆಸರಿನಲ್ಲಿದೆ. (ಇಂಗ್ಲಿಷಿನಲ್ಲಿ Huerhuero ಎಂದು ಬರೆಯುವಾಗ ಮೊದಲಿಗೆ ‘ಹ’ಕಾರ ಇರುತ್ತದೆ, ಸ್ಪ್ಯಾನಿಷಿನಲ್ಲಿ ಅದಕ್ಕೆ ಉಚ್ಚಾರವಿಲ್ಲದ ಕಾರಣ ನಕ್ಷೆಯಲ್ಲಿ ಹುಡುಕುವವರು ಇದನ್ನು ನೆನಪಿಡಬೇಕು.) ನನ್ನ ತಂದೆಯವರ ಹೊಲ ತುಂಗಭದ್ರಾ ಅಚ್ಚುಕಟ್ಟಿನಲ್ಲಿತ್ತು. ಕರ್ಲು ಭೂಮಿ, ಅಂದರೆ ಉಪ್ಪು ಮತ್ತು ಸೋಡಿಯಂ ಹಿಡಿದು ಕೆಟ್ಟ ನೆಲ, ಏನೆಂದು ಚಿಕ್ಕಂದಿನಿಂದ ಕಂಡವನು ನಾನು. ಆದರೆ ಅಲ್ಲಿ ಕೆಟ್ಟ ನೆಲ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಮೇಲೆ ಬಿಳಿ ಹೊಪ್ಪಳಿಕೆ ಏಳುತ್ತದೆ, ಕಾಲಿಟ್ಟ ಕೂಡಲೆ ತಿಳಿಯುತ್ತದೆ. ಇಲ್ಲಿ ಹಾಗಲ್ಲ. ಮೇಲಿನ ಹತ್ತು ಹನ್ನೆರಡು ಇಂಚು ಕಂದು ಬಣ್ಣದ, ಸಡಿಲವಾದ, ಸ್ವಲ್ಪ ಹುಳಿಯೇ ಇರುವ ಒಳ್ಳೆಯ ಲೋಮ್. ಅದರ ಕೆಳಗೆ ಬೆರಳಗಲದ ಬಿಳಿಚಿಕೊಂಡ ಪದರ. ಅದರ ಕೆಳಗೆ ಒಮ್ಮೆಲೇ ಜೇಡಿ. ನಡುವೆ ಬೆರೆತ ಪದರವೇ ಇಲ್ಲ, ಚಾಕುವಿನಿಂದ ಗೆರೆ ಎಳೆದಂತೆ ಇರುತ್ತದೆ.

ಬೇಸಿಗೆಯಲ್ಲಿ ಆ ಜೇಡಿಯ ಮೇಲ್ಮೈಯನ್ನು ಬ್ರಷ್ಷಿನಿಂದ ಗುಡಿಸಿ ನೋಡಬೇಕು. ಮುಷ್ಟಿಯಷ್ಟು ದಪ್ಪದ ಕಂಬಗಳು ಒಂದಕ್ಕೊಂದು ಒತ್ತಿ ನಿಂತಿರುತ್ತವೆ. ಪ್ರತಿಯೊಂದರ ತಲೆಯೂ ಗುಂಡಗೆ, ನುಣ್ಣಗೆ, ಮೇಲೆ ಬೂದಿ ಸವರಿದ ಹಾಗೆ ಇರುತ್ತದೆ. ಕಂಬಗಳ ನಡುವೆ ಪೆನ್ಸಿಲ್ ಇಳಿಯುವಷ್ಟು ಬಿರುಕು ಇರುತ್ತದೆ. ಒಂದೆರಡು ಮಳೆ ಬಿದ್ದರೆ ಆ ಬಿರುಕುಗಳು ಮುಚ್ಚಿ ಇಡೀ ಪದರ ಒಂದೇ ಹಲಗೆಯಾಗುತ್ತದೆ. ಸೋಡಿಯಂ ಹಿಡಿದ ಸ್ಮೆಕ್ಟೈಟ್ (ನೀರು ಕುಡಿದು ಉಬ್ಬುವ ಜಾತಿಯ) ಜೇಡಿಯ ಗುಣ ಅದು. ಸುತ್ತಲಿನ ಬಯಲುಗಳಲ್ಲಿ ಚಳಿಗಾಲದಲ್ಲಿ ನೀರು ನಿಂತು ವಸಂತಕೊಳಗಳಾಗುವುದೂ ಇದೇ ಪದರದಿಂದ. ಆ ಕೊಳಗಳಲ್ಲಿ ಬೇರೆಲ್ಲೂ ಇಲ್ಲದ ಗಿಡಗಳೂ ಸಣ್ಣ ಸಿಗಡಿಗಳೂ ಬದುಕಿವೆ, ಅವು ಕಾನೂನಿನ ರಕ್ಷಣೆಯಲ್ಲಿವೆ. ಅಂಥ ತಗ್ಗು ನಿಮ್ಮ ಜಾಗದಲ್ಲಿದ್ದರೆ ನಾನು ಮುಂದೆ ಹೇಳುವ ಯಾವುದನ್ನೂ ಅಲ್ಲಿ ಮಾಡಬೇಡಿ. ನನ್ನದು ಬಹಳ ಹಿಂದೆಯೇ ಕಡಿದು ಹದ ಮಾಡಿದ ಇಳಿಜಾರು.

ಮೊದಲ ಸೋಲು 2019ರದು. ಬಾಡಿಗೆಗೆ ತಂದ ಆಗರ್ ಎಂಬ ಗುಂಡಿ ಕೊರೆಯುವ ಯಂತ್ರದಿಂದ ಎರಡೂವರೆ ಅಡಿಯ ಎಂಟು ಗುಂಡಿ ಕೊರೆಸಿ, ಒಂದೊಂದಕ್ಕೆ 45 ಡಾಲರಿನಂತೆ ಅವಕಾಡೊ ಸಸಿಗಳನ್ನು ತಂದು, ಗುಂಡಿಯ ತುಂಬ ಒಳ್ಳೆಯ ಮಣ್ಣು ಹಾಕಿ ನೆಟ್ಟೆ. ಬೇಸಿಗೆಯಿಡೀ ಗಿಡಗಳು ನಗುತ್ತಿದ್ದವು. ಡಿಸೆಂಬರಿನ ಮಳೆಗೆ ಪ್ರತಿ ಗುಂಡಿಯೂ ತಳ ಮುಚ್ಚಿದ ಬಕೆಟ್ಟಾಯಿತು. ಆಗರ್ ಬ್ಲೇಡು ಒದ್ದೆ ಜೇಡಿಯ ಗೋಡೆಯನ್ನು ಗಿಲಾವು ಮಾಡಿದಂತೆ ಸವರಿಬಿಟ್ಟಿತ್ತು. ಜನವರಿಯಲ್ಲಿ ಒಂದು ಗಿಡ ಕಿತ್ತಾಗ ಕೊಳೆತ ಮೊಟ್ಟೆಯ ವಾಸನೆ ಬಂತು, ಬೇರುಗಳು ಕಪ್ಪಾಗಿ ಸಿಪ್ಪೆ ಕಳಚುತ್ತಿದ್ದವು. ಆರು ಗಿಡ ಸತ್ತವು. ಉಳಿದೆರಡೂ ಎಲೆಯಂಚು ಸುಟ್ಟುಕೊಂಡು ಮರುವರ್ಷ ಹೋದವು. ಮರಳು ಬೆರೆಸಿದರೆ ಸಡಿಲಾಗುತ್ತದೆ ಎಂಬ ಸಲಹೆಯನ್ನೂ ಒಂದು ಮೂಲೆಯಲ್ಲಿ ಪಾಲಿಸಿದೆ. ಆ ಮೂಲೆ ಇಂದಿಗೂ ಇಟ್ಟಿಗೆಯಂತಿದೆ.

2020ರಲ್ಲಿ ಜಿಪ್ಸಂ ಹಿಡಿದೆ. ಅದರಲ್ಲಿರುವ ಕ್ಯಾಲ್ಸಿಯಂ ಜೇಡಿಗೆ ಅಂಟಿದ ಸೋಡಿಯಂ ಅನ್ನು ಬಿಡಿಸಿ ತಾನು ಅಲ್ಲಿ ಕೂರುತ್ತದೆ, ಬಿಟ್ಟ ಸೋಡಿಯಂ ನೀರಿನೊಡನೆ ಬಸಿದುಹೋಗಬೇಕು. 50 ಪೌಂಡಿನ ಇಪ್ಪತ್ತು ಚೀಲ ತಂದು ಮೇಲೆ ಎರಚಿ, ಡ್ರಿಪ್ಪಿನಲ್ಲಿ ನೀರು ಬಿಟ್ಟು ಎರಡು ವರ್ಷ ಕಾದೆ. ಮೇಲ್ಮಣ್ಣು ಇನ್ನಷ್ಟು ಚೆನ್ನಾಯಿತು, ಕೆಳಗಿನ ಕಂಬ ಅಲುಗಲಿಲ್ಲ. ಆಗ ಕುಳಿತು ಲೆಕ್ಕ ಹಾಕಿದೆ, ಮೊದಲೇ ಹಾಕಬೇಕಿತ್ತು. ಜಿಪ್ಸಂ ಕರಗುವುದು ಲೀಟರಿಗೆ ಎರಡೂವರೆ ಗ್ರಾಂನಷ್ಟು ಮಾತ್ರ. ಅಂದರೆ ಒಂದು ಕಿಲೋ ಕರಗಲು 400 ಲೀಟರ್, ಒಂದು ಚೀಲ ಕರಗಲು ಹೆಚ್ಚುಕಡಿಮೆ 2,400 ಗ್ಯಾಲನ್ ನೀರು ಬೇಕು. ನನ್ನ ಡ್ರಿಪ್ಪು ಕೊಡುತ್ತಿದ್ದುದು ಅದರ ಕಾಲು ಭಾಗವೂ ಅಲ್ಲ. ಕೊಟ್ಟ ನೀರೂ ಜೇಡಿಯ ತಲೆಯ ಮೇಲೆ ಅಡ್ಡ ಹರಿದು ಇಳಿಜಾರಿನ ಕೆಳಗೆ ಹೋಗುತ್ತಿತ್ತು. ಮದ್ದು ರೋಗವಿರುವ ಕಡೆಗೆ ತಲುಪಿಯೇ ಇರಲಿಲ್ಲ.

ನಡುವೆ ಗಂಧಕದ ಪ್ರಯೋಗವೊಂದನ್ನೂ ಮಾಡಿದೆ. ಕೆಳಪದರದಲ್ಲಿ ಸುಣ್ಣದ ಗಂಟುಗಳು ಕಂಡಿದ್ದರಿಂದ, ಗಂಧಕ ಆಮ್ಲವಾಗಿ ಆ ಸುಣ್ಣವನ್ನು ಕರಗಿಸಿ ಕ್ಯಾಲ್ಸಿಯಂ ಬಿಡಿಸುತ್ತದೆ ಎಂಬುದು ನನ್ನ ಎಣಿಕೆ. ಗಂಧಕ ಮೇಲೆಯೇ ಉಳಿಯಿತು. ಆರರ ಹತ್ತಿರವಿದ್ದ ಮೇಲ್ಮಣ್ಣಿನ ಪಿಎಚ್ ಐದರ ಕೆಳಗೆ ಬಿತ್ತು, ಎಂಟು ದಾಟಿದ್ದ ಕೆಳಪದರ ಹಾಗೆಯೇ ಇತ್ತು. ಈ ಮಣ್ಣಿಗೆ ಗಂಧಕವನ್ನು ಮೇಲಿನಿಂದ ಹಾಕುವವರು ಎರಡು ಬಾರಿ ಯೋಚಿಸಲಿ. ಆ ಪಟ್ಟಿಯನ್ನು ಸರಿಪಡಿಸಲು ನನಗೆ ಒಂದು ವರ್ಷ ಹಿಡಿಯಿತು.

ಕಣ್ಣು ತೆರೆಸಿದ್ದು ಮೂರು ಗಾಜಿನ ಲೋಟಗಳು. ಒಣಗಿದ ಜೇಡಿಯ ಗೋಲಿಯಷ್ಟು ಹೆಂಟೆಗಳನ್ನು ಒಂದರಲ್ಲಿ ಮಳೆನೀರಿಗೆ, ಇನ್ನೊಂದರಲ್ಲಿ ನಲ್ಲಿನೀರಿಗೆ, ಮತ್ತೊಂದರಲ್ಲಿ ಜಿಪ್ಸಂ ಕರಗಿಸಿದ ನೀರಿಗೆ ಹಾಕಿ, ಅಲುಗಿಸದೆ ಬಿಟ್ಟೆ. ಮಳೆನೀರಿನಲ್ಲಿ ಹತ್ತು ನಿಮಿಷದೊಳಗೆ ಹೆಂಟೆಯ ಸುತ್ತ ಹಾಲಿನಂಥ ಮೋಡ ಎದ್ದಿತು, ರಾತ್ರಿಯ ಹೊತ್ತಿಗೆ ಲೋಟವೆಲ್ಲ ಕದಡಿತು. ನಲ್ಲಿನೀರಿನಲ್ಲಿ ತೆಳು ಮಬ್ಬು ಮಾತ್ರ. ನಮ್ಮ ನಲ್ಲಿಗೆ ಬರುವುದರಲ್ಲಿ ಕೊಲರಾಡೊ ನದಿಯ ನೀರಿನ ಪಾಲು ದೊಡ್ಡದು, ಅದರಲ್ಲಿ ಲವಣವೂ ಕ್ಯಾಲ್ಸಿಯಂ ಕೂಡ ಇದೆ. ಜಿಪ್ಸಂ ನೀರಿನಲ್ಲಿ ಹೆಂಟೆ ಬಿರಿದು ಚೂರಾಯಿತೇ ಹೊರತು ನೀರು ತಿಳಿಯಾಗಿಯೇ ಉಳಿಯಿತು. ಈ ನೆಲವನ್ನು ತೊಳೆಯಲು ಮಳೆ ಬೇಕು. ಆದರೆ ಬರೀ ಮಳೆ ಈ ಜೇಡಿಯನ್ನು ಕದಡಿಸಿ ರಂಧ್ರಗಳನ್ನು ಮುಚ್ಚುತ್ತದೆ. ಆದ್ದರಿಂದ ಮೊದಲ ಹನಿ ಜೇಡಿಯನ್ನು ಮುಟ್ಟುವ ಮುನ್ನ ಜಿಪ್ಸಂ ಆ ಬಿರುಕುಗಳೊಳಗೇ ಕಾದಿರಬೇಕು. ನನ್ನ ವಿಧಾನವೆಲ್ಲ ಇದೊಂದು ಮಾತಿನ ಮೇಲೆ ನಿಂತಿದೆ.

ಪರೀಕ್ಷಾ ವರದಿಯಲ್ಲಿ ಕೆಳಪದರದ ವಿನಿಮಯ ಸೋಡಿಯಂ (ಜೇಡಿಗೆ ಅಂಟಿರುವ ಕ್ಯಾಲ್ಸಿಯಂ ಮುಂತಾದವುಗಳಲ್ಲಿ ಸೋಡಿಯಂನ ಪಾಲು) ಶೇಕಡಾ 20ರ ಆಸುಪಾಸಿನಲ್ಲಿತ್ತು. 15 ದಾಟಿದರೆ ಕರ್ಲು ಎಂದು ಲೆಕ್ಕ. ಅದನ್ನು ಎಂಟರ ಹತ್ತಿರಕ್ಕೆ ತರಲು ಒಂದಡಿ ದಪ್ಪಕ್ಕೆ ಎಕರೆಗೆ ಆರು ಟನ್ ಜಿಪ್ಸಂ, ನನ್ನ ಕಾಲು ಎಕರೆಗೆ ಒಂದೂವರೆ ಟನ್, ಅಂದರೆ ಅರವತ್ತು ಚೀಲ ಬೇಕಾಯಿತು. ಕರಗಿಸಲು ಬೇಕಾದ ನೀರು 1,44,000 ಗ್ಯಾಲನ್. ಕಾಲು ಎಕರೆಯ ಮೇಲೆ ಹರಡಿದರೆ 21 ಇಂಚು ಮಳೆ. ಇಲ್ಲಿ ವರ್ಷಕ್ಕೆ ಬೀಳುವುದು ಹತ್ತು ಇಂಚು. ಆದ್ದರಿಂದ ಎರಡು ಚಳಿಗಾಲ ಎಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡೆ. ಅಷ್ಟು ನೀರನ್ನು ಕೊಂಡಿದ್ದರೆ ನೀರಿನ ಬಿಲ್ಲೊಂದೇ ಸಾವಿರ ಡಾಲರ್ ದಾಟುತ್ತಿತ್ತು.

2022ರ ಅಕ್ಟೋಬರಿನಲ್ಲಿ, ನೆಲ ವರ್ಷದಲ್ಲೇ ಅತಿ ಹೆಚ್ಚು ಒಣಗಿ ಬಿರಿದಿದ್ದಾಗ, ನೆಲ ಅಗೆಯುವ ಮುನ್ನ ಕರೆಯಬೇಕಾದ 811ಕ್ಕೆ ಫೋನು ಮಾಡಿ ಕೊಳವೆ ಮತ್ತು ತಂತಿಗಳ ಗುರುತು ಹಾಕಿಸಿ, ಎರಡು ದಿನಕ್ಕೆ ಟ್ರೆಂಚರ್ (ಕಿರಿದಾದ ಕಾಲುವೆ ಸೀಳುವ ಯಂತ್ರ) ಬಾಡಿಗೆಗೆ ತಂದೆ. ಆರಿಂಚು ಅಗಲ, ಮೂವತ್ತು ಇಂಚು ಆಳದ ಒಂಬತ್ತು ಸೀಳುಗಾಲುವೆಗಳನ್ನು, ಒಂದೊಂದೂ ಐವತ್ತಡಿ ಉದ್ದಕ್ಕೆ, ಇಳಿಜಾರಿಗೆ ಸ್ವಲ್ಪ ಓರೆಯಾಗಿ ತೆಗೆಸಿದೆ. ಒಣ ಜೇಡಿಯಾದ್ದರಿಂದ ಗೋಡೆಗಳು ಸವರಿಕೊಳ್ಳದೆ ಒಡೊಡೆದು ಬಂದವು. ಕಂಬಗಳ ನಡುವಿನ ಬಿರುಕುಗಳು ಎರಡೂ ಕಡೆ ಬಾಯಿ ತೆರೆದು ನಿಂತಿದ್ದವು. ಇದೇ ಕೆಲಸವನ್ನು ಮಳೆಯಾದ ಮೇಲೆ ಮಾಡಿದ್ದರೆ ಆಗರ್ ಗುಂಡಿಯ ಕಥೆಯೇ ಮರುಕಳಿಸುತ್ತಿತ್ತು. ಎಲ್ಲ ಸೀಳುಗಳ ಕೆಳತುದಿಯನ್ನು ಜಲ್ಲಿ ಮತ್ತು ನಾಲ್ಕಿಂಚಿನ ತೂತಿನ ಪೈಪು ಹಾಕಿದ ಒಂದು ಬಸಿಗಾಲುವೆಗೆ ಸೇರಿಸಿದೆ. ಬಸಿದ ಉಪ್ಪುನೀರು ಬೀದಿಗೆ ಹೋಗಬಾರದೆಂದು, ನನ್ನದೇ ಜಾಗದ ಕೆಳಗಿನ ಪಟ್ಟಿಯಲ್ಲಿ ಉಪ್ಪುಹುಲ್ಲು ಬೆಳೆಸಿ ಅಲ್ಲಿಗೆ ಬಿಟ್ಟೆ. ಕಡಲ ಅಂಚಿನ ಕಡಿದಾದ ದಿಬ್ಬದ ಮೇಲೆ ಜಾಗವಿರುವವರು ಮಾತ್ರ ಹೀಗೆ ನೀರು ಇಂಗಿಸಲು ಹೋಗಬಾರದು, ದಿಬ್ಬವೇ ಜಾರಿದ ಉದಾಹರಣೆಗಳು ಈ ಕರಾವಳಿಯಲ್ಲಿವೆ.

ತೆಗೆದ ಜೇಡಿಯನ್ನು ಪುಡಿ ಮಾಡಿ, ಅರ್ಧದಷ್ಟನ್ನು ಜಿಪ್ಸಂ ಮತ್ತು ಕಾಂಪೋಸ್ಟಿನ ಜೊತೆ ಕಲಸಿ ಸೀಳಿಗೆ ತುಂಬಿದೆ. ನಲವತ್ತು ಚೀಲ ಸೀಳುಗಳಿಗೆ, ಇಪ್ಪತ್ತು ಮೇಲ್ಮೈಗೆ. ಜಿಪ್ಸಂ ಪಕ್ಕದ ಬಿರುಕುಗಳೊಳಗೆ ಕಂಬದ ಮೈಯುದ್ದಕ್ಕೂ ಇಳಿಯುವಂತೆ ಮಾಡುವುದಕ್ಕೆ ನನ್ನದೊಂದು ಉಪಾಯವಿದೆ, ತುಂಬುವ ಮಿಶ್ರಣದ ಪ್ರಮಾಣವೂ ನಾಲ್ಕಾರು ಸಲ ಕೈ ಸುಟ್ಟುಕೊಂಡು ಕಂಡುಕೊಂಡದ್ದು. ಇವೆರಡನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಸೀಳುಗಳ ನಡುವೆ ಮೇಲ್ಮಣ್ಣನ್ನು ಎಳೆದು ಒಂದೂವರೆ ಅಡಿ ಎತ್ತರದ ದಿಂಡುಗಳನ್ನು ಮಾಡಿದೆ. ಹೊರಗಿನಿಂದ ಒಂದು ಬುಟ್ಟಿ ಮಣ್ಣನ್ನೂ ತರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

ದಿಂಡುಗಳ ಮೇಲೆ ಒಂದು ಕಡೆ ಬಾರ್ಲಿ, ಇನ್ನೊಂದು ಕಡೆ ಉದ್ದ ಮೂಲಂಗಿ ಬಿತ್ತಿದೆ. ಮೂಲಂಗಿ ಜೇಡಿಯನ್ನು ಕೊರೆಯುತ್ತದೆ ಎಂದು ಬಹಳ ಮಂದಿ ಹೇಳಿದ್ದರು. ಸೀಳಿನಿಂದ ದೂರವಿದ್ದ ಗೆಡ್ಡೆಗಳು ಜೇಡಿಯ ತಲೆಗೆ ತಾಗಿದ ಕೂಡಲೇ ಮೊಣಕೈಯಂತೆ ಬಾಗಿ ಅಡ್ಡಡ್ಡ ಬೆಳೆದವು. ಬಾರ್ಲಿಯ ಬೇರು ಮಾತ್ರ ಬಿರುಕು ಹುಡುಕಿಕೊಂಡು ಇಳಿಯಿತು. ಅಂದಿನಿಂದ ಪ್ರತಿ ಚಳಿಗಾಲವೂ ಬಾರ್ಲಿಯೇ.

ಆ ಚಳಿಗಾಲದ ಮಳೆ ವಾಡಿಕೆಗಿಂತ ಬಹಳ ಹೆಚ್ಚಾಗಿದ್ದು ನನ್ನ ಅದೃಷ್ಟ. ಪ್ರತಿ ಮಳೆಯ ನಂತರ ಪೈಪಿನ ತುದಿಯಲ್ಲಿ ಲೋಟ ಹಿಡಿದು ಮೀಟರಿನಿಂದ ಅಳೆಯುತ್ತಿದ್ದೆ. ಮೊದಲ ಸಲ ವಿದ್ಯುತ್ ವಾಹಕತೆ (ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಏರುವ ಅಳತೆ, ಡೆಸಿಸೀಮನ್ಸ್/ಮೀಟರ್ ಲೆಕ್ಕದಲ್ಲಿ) ಒಂಬತ್ತರ ಮೇಲಿತ್ತು, ನೀರನ್ನು ನಾಲಗೆಗೆ ಮುಟ್ಟಿಸಿದರೇ ಉಪ್ಪು ತಿಳಿಯುತ್ತಿತ್ತು. ಫೆಬ್ರುವರಿಯಲ್ಲಿ ಐದು, ಮರುವರ್ಷದ ಆರಂಭಕ್ಕೆ ಮೂರು. 2024ರ ಜನವರಿ 22ರಂದು ಸ್ಯಾನ್ ಡಿಯಾಗೊ ನಗರದಲ್ಲಿ ಒಂದೇ ದಿನ ಎರಡೂಮುಕ್ಕಾಲು ಇಂಚಿನಷ್ಟು ಮಳೆ ಸುರಿದು ಬೀದಿಗಳು ಹೊಳೆಯಾದವು. ಆ ಮಳೆಗೆ ನನ್ನ ದಿಂಡುಗಳ ನಡುವೆ ನಿಂತ ನೀರು ಮರುದಿನ ಮಧ್ಯಾಹ್ನದೊಳಗೆ ಬಸಿದುಹೋಗಿತ್ತು. ಮೊದಲಾಗಿದ್ದರೆ ವಾರಗಟ್ಟಲೆ ನಿಲ್ಲುತ್ತಿತ್ತು. ಪೈಪಿನಿಂದ ಬಂದ ನೀರು ತಿಳಿಯಾಗಿತ್ತು. ಜೇಡಿ ಕದಡುತ್ತಿಲ್ಲ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆಮೇಲೆ ಮೀಟರು ಎರಡರ ಹತ್ತಿರ ಬಂದು ನಿಂತಿತು. ಕರಗುವಷ್ಟೂ ಜಿಪ್ಸಂ ಕರಗಿದ ನೀರಿನದೇ ಅಷ್ಟಿರುತ್ತದೆ, ಹಾಗಾಗಿ ಅದನ್ನು ಉಪ್ಪು ಉಳಿದಿದೆ ಎಂದು ಓದಿ ಗಾಬರಿಯಾಗಬೇಕಿಲ್ಲ.

ಖರ್ಚು ನೆನಪಿರುವಷ್ಟು ಹೇಳುತ್ತೇನೆ. ಜಿಪ್ಸಂಗೆ 780 ಡಾಲರ್, ಟ್ರೆಂಚರ್‌ಗೆ ಸುಮಾರು 500, ಪೈಪು ಜಲ್ಲಿಗೆ 600, ಕಾಂಪೋಸ್ಟಿಗೆ 350, ಎರಡು ದಿನದ ಆಳಿಗೆ 400. ಎಲ್ಲ ಸೇರಿ 2,600ರ ಮೇಲೆ ಸ್ವಲ್ಪ. ಮಣ್ಣು ತರಿಸಿ ಮಡಿ ಕಟ್ಟಿಕೊಡಲು ಬಂದ ಅಂದಾಜು 9,000 ಡಾಲರಿನದು. ಮೊದಲ ಮೂರು ವರ್ಷದ ಸೋಲುಗಳಲ್ಲಿ ನಾನು ಕಳೆದುಕೊಂಡದ್ದು 1,400ರಷ್ಟು. ಅದನ್ನು ಸೇರಿಸಿದರೂ ಅರ್ಧಕ್ಕಿಂತ ಕಡಿಮೆ.

ಈಗ ದಾಳಿಂಬೆ ಹತ್ತು, ಅಂಜೂರ ನಾಲ್ಕು, ಸೀಬೆ ಮೂರು ಗಿಡಗಳಿವೆ, ಒಂದೂ ಸತ್ತಿಲ್ಲ. 2024ರಲ್ಲಿ ಧೈರ್ಯ ಮಾಡಿ ದಿಂಡಿನ ನೆತ್ತಿಯ ಮೇಲೆ ನಾಲ್ಕು ಅವಕಾಡೊ ನೆಟ್ಟೆ, ಮೂರು ಉಳಿದಿವೆ. ಸೀಳಿನಿಂದ ಎರಡಡಿಯವರೆಗೆ ಕಂಬಗಳು ಕೈಯಲ್ಲಿ ಹಿಸುಕಿದರೆ ಕಡಲೆಕಾಳಿನಷ್ಟು ಹರಳುಗಳಾಗಿ ಉದುರುತ್ತವೆ. ಎರಡು ಸೀಳುಗಳ ನಟ್ಟನಡುವೆ ಇನ್ನೂ ಹಳೆಯ ಗಡಸು ಇದೆ, ಮೂರಡಿಯ ಕೆಳಗಂತೂ ಏನೂ ಬದಲಾಗಿಲ್ಲ. ಬರುವ ಅಕ್ಟೋಬರಿನಲ್ಲಿ ಆ ನಡುಭಾಗಗಳಲ್ಲಿ ಇನ್ನೆಂಟು ಸೀಳು ತೆಗೆಸಬೇಕು. ಇಪ್ಪತ್ತೈದು ಚೀಲ ಜಿಪ್ಸಂ ತಂದು ಶೆಡ್ಡಿನಲ್ಲಿ ಇಟ್ಟಾಗಿದೆ.