ಡಿಸೆಂಬರಿನ ನೆರಳು ಜೂನ್‌ನಲ್ಲಿ ಇರಲ್ಲ

ನಮ್ಮ ಮನೆ ಕಲಬುರಗಿಯ ಸೇಡಂ ರಸ್ತೆ ಕಡೆ. ಮನೆಯ ಉತ್ತರಕ್ಕೆ, ಗೋಡೆಗೂ ಕಾಂಪೌಂಡಿಗೂ ನಡುವೆ 8 ಅಡಿ ಜಾಗವಿದೆ. ನಾವು ಈ ಮನೆಗೆ ಬಂದದ್ದು ಡಿಸೆಂಬರಿನಲ್ಲಿ. ತಿಂಗಳಿಡೀ ಅಲ್ಲಿ ಬಿಸಿಲೇ ಬೀಳಲಿಲ್ಲ. ಬಟ್ಟೆ ಒಣಹಾಕಲಿಕ್ಕೆ ಬಾರದಿದ್ದರೂ ನೆರಳಿನ ಹೂವಿಗೆ ಆಗುತ್ತದೆ ಅಂತ ಆಗಲೇ ಲೆಕ್ಕ ಹಾಕಿಬಿಟ್ಟೆ.

ಮೇ ಕೊನೆಗೆ ಒಂದೆರಡು ಮಳೆ ಬಿದ್ದ ಮೇಲೆ ನರ್ಸರಿಯಿಂದ ಇಂಪೇಷನ್ಸ್ ಅನ್ನುವ ನೆರಳಿನ ಹೂವಿನ ಹನ್ನೆರಡು ಸಸಿ ತಂದು ನೆಟ್ಟೆ. ಮೂರನೇ ಮಧ್ಯಾಹ್ನಕ್ಕೆ ಎಲೆಗಳೆಲ್ಲ ಬೇಯಿಸಿದ ಪುಂಡಿಪಲ್ಯದ ಹಾಗೆ ಜೋತುಬಿದ್ದವು. ನೀರು ಸಾಲದಾಯಿತೇನೋ ಅಂತ ಇನ್ನಷ್ಟು ಸುರಿದೆ. ಬುಡ ಕೊಳೆತು ದಂಟು ಮೆತ್ತಗಾಯಿತು. ವಾರದೊಳಗೆ ಹನ್ನೆರಡೂ ಹೋದವು.

ಆಮೇಲೆ ಒಂದು ದಿನ ಮಧ್ಯಾಹ್ನ ಅಲ್ಲಿ ಹೋಗಿ ನಿಂತೆ. ಡಿಸೆಂಬರಿನಲ್ಲಿ ತಣ್ಣಗಿದ್ದ ಉತ್ತರದ ಗೋಡೆ ಮೇಲೆ ಸೀದಾ ಬಿಸಿಲು! ನಮ್ಮೂರು ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಮೇ ಎರಡನೇ ವಾರದಿಂದ ಜುಲೈ ಕೊನೆವರೆಗೆ ನಡುಹೊತ್ತಿನ ಸೂರ್ಯ ನಮ್ಮ ತಲೆ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಡಿಸೆಂಬರಿನಲ್ಲಿ 10 ಅಡಿ ಗೋಡೆಯ ನೆರಳು ಉತ್ತರಕ್ಕೆ ಎಂಟೂವರೆ ಅಡಿ ಚಾಚುತ್ತದೆ. ಜೂನ್‌ನಲ್ಲಿ ಅದೇ ಗೋಡೆಗೆ ದಕ್ಷಿಣಕ್ಕೆ ಒಂದಡಿ ನೆರಳು, ಅಷ್ಟೇ. ಶಾಲೆಯಲ್ಲಿ ಇದನ್ನೆಲ್ಲ ಓದಿದ್ದೆ, ಆದರೆ ಸುಮ್ನೆ ಓದಿದ್ದೆ.

ಸೀಮೆಸುಣ್ಣ ತೆಗೆದುಕೊಂಡು ಅಂಗಳದ ಶಹಾಬಾದ್ ಪರಸಿ (ಹಾಸುಗಲ್ಲು) ಮೇಲೆ ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4ಕ್ಕೆ ನೆರಳಿನ ಅಂಚು ಗೀಚುತ್ತ ಹೋದೆ. ಅತ್ತೆಯವರು ಬಾಗಿಲಲ್ಲಿ ನಿಂತು, "ಏನವ್ವಾ, ಗೆರಿ ಹೊಡದು ಯಾರಿಗಿ ಮಾಟ ಮಾಡ್ಲಿಕತ್ತೀ?" ಅಂದರು. ಅಳಿಸಿ ಹೋದಾಗೆಲ್ಲ ಮತ್ತೆ ಗೀಚಿದೆ. ಮಳೆಗಾಲಕ್ಕೆ ಗೆದ್ದದ್ದು ಪೂರ್ವದ ಪಡಸಾಲೆ ಅಂಚು. ಅಲ್ಲಿ ಹತ್ತು ಗಂಟೆವರೆಗೆ ಎಳೆ ಬಿಸಿಲು, ಮಧ್ಯಾಹ್ನದಿಂದ ಮನೆಯದೇ ನೆರಳು. ಪಶ್ಚಿಮದ ಕಡೆ ಮಾತ್ರ ಏನೂ ಇಡಬೇಡಿ. ನಾಲ್ಕು ಗಂಟೆ ಬಿಸಿಲಿಗೆ ಕಾದ ಪರಸಿ ಕತ್ತಲಾದ ಮೇಲೂ ಬಿಸಿ ಉಗುಳುತ್ತದೆ.

ಈಗ ಎಲ್ಲವನ್ನೂ ಕುಂಡದಲ್ಲೇ ಹಾಕುತ್ತೇನೆ, ಹೊತ್ತುಕೊಂಡು ತಿರುಗಬಹುದಲ್ವಾ. ಮಿರಗಾ (ಮೃಗಶಿರಾ) ಮಳೆಗೆ ಬೀಜ. ದಸರೆವರೆಗೆ ಪೂರ್ವ, ಅಲ್ಲಿಂದ ಶಿವರಾತ್ರಿವರೆಗೆ ಉತ್ತರ. ಡಿಸೆಂಬರಿನಲ್ಲಿ ಕಾಂಪೌಂಡಿನ ಮೇಲರ್ಧಕ್ಕೆ ಬಿಸಿಲು ಬಿದ್ದು, ಸುಣ್ಣದ ಗೋಡೆಯಿಂದ ಬೆಳಕು ಕೆಳಗೆ ಚೆಲ್ಲುತ್ತದೆ. ಆ ಬೆಳಕು ಬೇಕೇ ಬೇಕು. ಪೂರ್ತಿ ಕತ್ತಲು ಮೂಲೆಯಲ್ಲಿಟ್ಟರೆ ಗಿಡ ಉದ್ದಕ್ಕೆ ಬೆಳೆಯುತ್ತದೆ, ಹೂವು ಬಿಡಲ್ಲ. ಬೇಸಿಗೆಗೆ ನಾನು ಕೈಮುಗಿದಿದ್ದೇನೆ. 42 ಡಿಗ್ರಿಯಲ್ಲಿ ನೆರಳೂ ಸುಡುತ್ತದೆ.

ನಮ್ಮ ಕಡೆಯ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಕುಂಡಕ್ಕೆ ಆಗಿಬರಲ್ಲ. ನೆನೆದರೆ ಬೇರು ಕೊಳೆಯುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಎರಡು ಪುಟ್ಟಿ ಮಸಾರಿ (ಕೆಂಪು) ಮಣ್ಣಿಗೆ ಎರಡು ಪುಟ್ಟಿ ಹಳೇ ತಿಪ್ಪೆಗೊಬ್ಬರ, ಒಂದು ಪುಟ್ಟಿ ಉಸುಕು ಬೆರೆಸುತ್ತೇನೆ. ಮೇಲೆ ಮುಚ್ಚಲಿಕ್ಕೆ ತೊಗರಿ ಹೊಟ್ಟು. ನಮ್ಮಲ್ಲಿ ಅದಕ್ಕೇನು ಬರ? ಆದರೆ ಗೇಟು ಹಾಕಿರಬೇಕು. ಒಮ್ಮೆ ಓಣಿಯ ಆಡು ಬಂದು ಹೊಟ್ಟಿನ ಜೊತೆ ಬಣ್ಣದೆಲೆಯ ಕೋಲಿಯಸ್ ಗಿಡವನ್ನೂ ಮುಗಿಸಿ ಹೋಯಿತು.

ಹೊಸಬರಿಗೆ ಕರ್ಣಕುಂಡಲವೇ ಸರಿ. ಬೀಜ ದಪ್ಪ, ತೆಳ್ಳಗೆ ಮಣ್ಣು ಮುಚ್ಚಿದರೆ ವಾರದೊಳಗೆ ಮೊಳಕೆ, ಎರಡು ತಿಂಗಳಿಗೆ ಹೂವು. ಮಾಗಿದ ಕಾಯಿ ಮುಟ್ಟಿದರೆ ಸಾಕು, ಟಪ್ ಅಂತ ಸಿಡಿದು ಸಿಪ್ಪೆ ಸುರುಳಿಯಾಗುತ್ತದೆ. ಬೀಜ ಬೇಕಿದ್ದರೆ ಕಾಯಿಗೆ ಮೊದಲೇ ತೆಳು ಬಟ್ಟೆ ಕಟ್ಟಿ. ಚಳಿ ಶುರುವಾಗುವಾಗ ಎಲೆಗೆ ಬೂದಿ ರೋಗ ಬರುತ್ತದೆ. ಆಗ ನಾನು ಔಷಧಿಗೆ ದುಡ್ಡು ಹಾಕಲ್ಲ, ಕಿತ್ತು ಹಾಕುತ್ತೇನೆ.

ಇಂಪೇಷನ್ಸ್, ಮತ್ತೆ ಟೊರೇನಿಯಾ ಅನ್ನುವ ಇನ್ನೊಂದು ನೆರಳಿನ ಹೂವು, ಇವುಗಳ ಬೀಜಗಳು ತೀರಾ ಸಣ್ಣವು, ಬೆಳಕು ಕಂಡೇ ಮೊಳೆಯುತ್ತವೆ. ಅವನ್ನು ಮಣ್ಣಿನ ಮೇಲೆ ಉದುರಿಸಿ ಅಂಗೈಯಿಂದ ಒತ್ತಬೇಕು ಅಷ್ಟೇ, ಮುಚ್ಚಬಾರದು. ಮೇಲಿಂದ ನೀರು ಹಾಕಿದರೆ ಎಲ್ಲ ಒಂದು ಮೂಲೆಗೆ ಕೊಚ್ಚಿ ಹೋಗುತ್ತವೆ. ಅದಕ್ಕೇ ಕುಂಡವನ್ನು ನೀರಿನ ತಟ್ಟೆಯಲ್ಲಿ ಕೂರಿಸುತ್ತೇನೆ.

ನನಗೆ ಜಾಸ್ತಿ ಇಷ್ಟ ಟೊರೇನಿಯಾ. ನೇರಳೆ ತುಟಿ, ಕೆಳತುಟಿ ಮೇಲೊಂದು ಹಳದಿ ಬೊಟ್ಟು. ಹೂವಿನೊಳಗೆ ಇಣುಕಿದರೆ ಎರಡು ಕೇಸರಗಳು ತಲೆ ಜೋಡಿಸಿ ಕಮಾನು ಮಾಡಿಕೊಂಡಿರುತ್ತವೆ. ಅದರ ಹತ್ತಿರವೇ ಶಲಾಕೆಯ, ಅಂದರೆ ಹೂವಿನ ಹೆಣ್ಣುಭಾಗದ ದಂಟಿನ, ತುದಿಯಲ್ಲಿ ಬಾಯಿ ತೆರೆದ ಹಾಗೆ ಎರಡು ಪುಟ್ಟ ಎಸಳು. ಕಸಬರಿಗೆ ಕಡ್ಡಿಯಿಂದ ಮೆಲ್ಲಗೆ ಮುಟ್ಟಿ, ನೋಡುತ್ತಿದ್ದ ಹಾಗೇ ಬಾಯಿ ಮುಚ್ಚಿಕೊಳ್ಳುತ್ತದೆ. ಇದನ್ನು ತೋರಿಸಿದ ದಿನ ಅತ್ತೆಯವರು ಕಡ್ಡಿ ಹಿಡಿದು ಐದಾರು ಹೂವಿನ ಬಾಯಿ ಮುಚ್ಚಿಸಿದರು.

ಹೋದ ಮಳೆಗಾಲದಲ್ಲಿ ಯಾರೂ ಬಿತ್ತದೇ ಪರಸಿಯ ಸಂದಿಯಲ್ಲಿ ನಾಲ್ಕು ಟೊರೇನಿಯಾ ಎದ್ದವು. ಅತ್ತೆಯವರು ಈಗ ಅಂಗಳ ಗುಡಿಸುವಾಗ ಆ ಸಂದಿ ಬಿಟ್ಟು ಗುಡಿಸುತ್ತಾರೆ.